ಡಾಕ್ಟ್ರ ಪುಸ್ತಕದ ಕಾಫಿ

ಪದವಿ ಪಡೆದವರನ್ನು ಯಾರಾದರೂ 'ಏನೇನು ಓದಿದ್ದೀರಿ?' ಎಂದು ಕೇಳಿದರೆ ಅವರ ಹತ್ತಿರ ಎರಡು ಉತ್ತರ ಇರುತ್ತವೆ. ಒಂದು ಹೇಳಿಕೊಳ್ಳುವುದು, ಇನ್ನೊಂದು ನಿಜವಾದದ್ದು. ಹೇಳಿಕೊಳ್ಳುವ ಉತ್ತರ ನನ್ನ ಮನೆಯ ಬಾಗಿಲ ಮೇಲೇ ನೇತಾಡುತ್ತಿತ್ತು. ಚನ್ನಗಿರಿಯಲ್ಲಿ ಬಾಡಿಗೆ ಮನೆ ಹಿಡಿದ ಮೊದಲ ವಾರವೇ, ಇನ್ನೂ ಒಂದು ಕುರ್ಚಿ ಕೊಳ್ಳುವ ಮೊದಲೇ, ಪೇಂಟರನ್ನು ಕರೆಸಿ ಬೋರ್ಡು ಬರೆಸಿದ್ದೆ. ಹೆಸರು ಸಣ್ಣಗೆ, ಬಿ.ಎ. ದಪ್ಪಗೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲನೆಯವನು ನಾನು. ಆ ಎರಡಕ್ಷರದ ಧೂಳನ್ನು ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಒರೆಸುತ್ತಿದ್ದೆನೆಂದು ಹೇಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಎರಡನೇ ಉತ್ತರದ ಬಗ್ಗೆ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈಗ ಹೇಳಿಬಿಡುತ್ತೇನೆ: ಪರೀಕ್ಷೆಗೆ ಓದಿದ್ದಕ್ಕಿಂತ ಹೆಚ್ಚು ಬೆವರು ಸುರಿಸಿ ನಾನು ಓದಿದ್ದು ಪ್ರೇಮದ ಕಾದಂಬರಿಗಳನ್ನು ಮತ್ತು ಮಾಯಾಮಂತ್ರದ ಕಾದಂಬರಿಗಳನ್ನು. ಅದೂ ಮನಸ್ಸಿನಲ್ಲಿ ಅಲ್ಲ. ಗಟ್ಟಿಯಾಗಿ, ನನ್ನ ಅವ್ವನ ಎದುರಿಗೆ ಕೂತು.

ಅದು ಶುರುವಾದದ್ದು ಹೀಗೆ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅವ್ವ ನಲ್ಲೂರಿನಲ್ಲಿ ಅವರಿವರ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು ನನ್ನನ್ನು ದಾವಣಗೆರೆಯ ಹಾಸ್ಟೆಲಿನಲ್ಲಿಟ್ಟು ಓದಿಸಿದ್ದಳು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕ ಮೇಲೆ ಅವಳನ್ನು ಚನ್ನಗಿರಿಗೆ ಕರೆತಂದೆ. ಬಂದ ಎರಡನೇ ಭಾನುವಾರವೇ ಕೇಳಿದಳು: "ಇಷ್ಟು ವರ್ಷ ಓದಿದ್ಯಲ್ಲ ಮಗಾ, ಅದ್ರಾಗೆ ಏನೈತೆ ಅಂತ ನಂಗೊಂದಿನಾನೂ ಹೇಳ್ಲಿಲ್ಲ. ಒಂದಿಷ್ಟು ಓದು, ಕೇಳಾನ." ನಾನು ಹೆಮ್ಮೆಯಿಂದ ಟ್ರಂಕು ತೆಗೆದು ಅರ್ಥಶಾಸ್ತ್ರದ ಪುಸ್ತಕ ಹಿಡಿದು ಹಣದುಬ್ಬರದ ಅಧ್ಯಾಯ ಓದಿದೆ. ಅರ್ಧ ಪುಟಕ್ಕೆ ಅವ್ವ ಕೈಯೆತ್ತಿದಳು. "ಸಾಕು ಬಿಡು. ಇದಕ್ಕೇನಾ ನಾನು ಸೊಂಟ ಬಗ್ಗಿಸಿದ್ದು? ಕಥಿ ಇಲ್ವಾ?" ಆ ಸಂಜೆಯೇ ಬಸ್‌ಸ್ಟ್ಯಾಂಡಿನ ಪಕ್ಕದ ಸರ್ಕ್ಯುಲೇಟಿಂಗ್ ಲೈಬ್ರರಿಗೆ ಹೋಗಿ ಮೆಂಬರಾದೆ. ಕಚೇರಿಯವರ ಕಣ್ಣಿಗೆ ಬೀಳದಿರಲಿ ಎಂದು ಕಾದಂಬರಿಯನ್ನು ದಿನಪತ್ರಿಕೆಯಲ್ಲಿ ಸುತ್ತಿಕೊಂಡು ಬಂದೆ.

ಶ್ರೋತೃಗಳು ಇಬ್ಬರು. ಒಬ್ಬಳು ಅವ್ವ. ಇನ್ನೊಬ್ಬರು ಪಕ್ಕದ ಮನೆಯ ಗಂಗಮ್ಮ, ಪೊಲೀಸ್ ಕಾನ್‌ಸ್ಟೇಬಲ್ಲರ ಹೆಂಡತಿ. ಗಂಗಮ್ಮನ ತವರು ಜಗಳೂರು ಕಡೆ. ಅಲ್ಲಿಂದ ಚೀಲಗಟ್ಟಲೆ ಶೇಂಗಾ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ಇಬ್ಬರೂ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಾ ಕೂರುವುದು, ನಾನು ಗೋಡೆಗೊರಗಿ ಓದುವುದು. ಕಾದಂಬರಿಯೊಂದು ಹೇಗಿದೆ ಎಂದು ಅಳೆಯಲು ನಾನು ಆಗ ಕಂಡುಕೊಂಡ ಮಾಪನಕ್ಕಿಂತ ಒಳ್ಳೆಯದನ್ನು ಈವರೆಗೆ ಯಾವ ವಿಮರ್ಶಕರೂ ಕೊಟ್ಟಿಲ್ಲ. ಶೇಂಗಾ ಒಡೆಯುವ ಸದ್ದು ಚಟಪಟ ಕೇಳುತ್ತಿದ್ದರೆ ಕಾದಂಬರಿ ಸಾಧಾರಣ. ಸದ್ದು ನಿಧಾನವಾದರೆ ಪರವಾಗಿಲ್ಲ. ಸದ್ದು ನಿಂತೇಹೋದರೆ ಅದು ಒಳ್ಳೆಯ ಕಾದಂಬರಿ. ಇಬ್ಬರೂ ಸುಲಿದದ್ದನ್ನು ಬಾಯಿಗೆ ಹಾಕಿಕೊಳ್ಳಲು ಶುರುಮಾಡಿದರೆ ಪುಸ್ತಕ ವಾಪಸು ಕೊಟ್ಟುಬರುವುದೇ ವಾಸಿ.

ಪುಸ್ತಕಗಳ ಹೆಸರನ್ನು ಅವ್ವ ತಾನೇ ಇಡುತ್ತಿದ್ದಳು. ಮೊದಲು ತಂದದ್ದು 'ಕುದುರೆ ಪುಸ್ತಕ'. ಅದರಲ್ಲಿ ರಾಜಕುಮಾರ ಹಾರುವ ಕುದುರೆ ಏರಿ ಏಳು ಸಮುದ್ರ ದಾಟುತ್ತಾನೆ. ಕುದುರೆ ಹಾರಿದ್ದರ ಬಗ್ಗೆ ಅವ್ವನಿಗೆ ಯಾವ ತಕರಾರೂ ಇರಲಿಲ್ಲ. "ಹಾರ್ಲಿ. ಏಳು ಸಮುದ್ರ ಹಾರೋವಷ್ಟು ದಿನ ಅದಕ್ಕೆ ಹುಲ್ಲು ಹಾಕಿದ್ದು ಯಾರು? ಹಾರೋ ಕುದುರೆಗೆ ಹೊಟ್ಟಿ ಇರಾದಿಲ್ವಾ?" ನಾನು ಪುಟ ನೋಡಿದೆ. ಲೇಖಕರು ಹುಲ್ಲಿನ ವಿಷಯ ಬರೆದಿರಲಿಲ್ಲ. ಮುಂದಿನ ಸಮುದ್ರ ಬಂದಾಗ ನಾನೇ ಸೇರಿಸಿ ಓದಿದೆ: "ರಾಜಕುಮಾರನು ಕುದುರೆಗೆ ಒಂದು ಹೊರೆ ಹುಲ್ಲು ಹಾಕಿ, ನೀರು ಕುಡಿಸಿದನು." ಅವ್ವ ತೃಪ್ತಿಯಿಂದ ತಲೆಯಾಡಿಸಿದಳು. ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದಾದರೂ, ನಾನು ಕೆಟ್ಟದ್ದು ಆ ಹುಲ್ಲಿನಿಂದಲೇ. ಸೇರಿಸುವುದು ಕಲಿತವನಿಗೆ ಬಿಡುವುದು ಕಲಿಯಲು ಎಷ್ಟು ಹೊತ್ತು?

ಮಾಯಾಮಂತ್ರದ ಕಾದಂಬರಿಗಳ ಬಗ್ಗೆ ಆ ಇಬ್ಬರ ಅಭಿಪ್ರಾಯಗಳೆಲ್ಲ ಹೀಗೇ ಇದ್ದವು. ಕಲ್ಲನ್ನು ಚಿನ್ನ ಮಾಡುವ ಮಾಂತ್ರಿಕ ಗುಹೆಯಲ್ಲಿ ಯಾಕೆ ಕೂತಿದ್ದಾನೆ, ಒಂದು ಹೆಂಚಿನ ಮನೆ ಕಟ್ಟಿಸಿಕೊಳ್ಳಬಾರದೇ ಎಂಬುದು ಅವ್ವನ ಪ್ರಶ್ನೆ. ರಾಜಕುಮಾರಿಯ ಕಣ್ಣು ಮೀನು, ನಡು ಸಿಂಹ, ನಡಿಗೆ ಹಂಸ, ಜಡೆ ಹಾವು ಎಂದು ನಾನು ರಾಗವಾಗಿ ಓದಿದರೆ ಗಂಗಮ್ಮ, "ಇಷ್ಟೆಲ್ಲ ಪ್ರಾಣಿ ಸೇರಿಸಿದ್ರೆ ಕಂಡೋರಿಗೆ ಹೆದ್ರಿಕೆ ಆಗಾದಿಲ್ವೇನ್ರಿ?" ಅಂದುಬಿಟ್ಟರು. ಅಂದಿನಿಂದ ನನಗೆ ಅಂಥ ವರ್ಣನೆ ಬಂದರೆ ರಾಜಕುಮಾರಿಯ ಬದಲು ಜಾನುವಾರು ಸಂತೆ ಕಾಣುತ್ತದೆ.

ಆದರೆ ಹಾರುವ ಕುದುರೆಯನ್ನು ನಂಬಿದ ಅವ್ವ ಪ್ರೇಮದ ಕಾದಂಬರಿಗಳನ್ನು ಸುಲಭಕ್ಕೆ ನಂಬುತ್ತಿರಲಿಲ್ಲ. "ಈ ಹುಡುಗಂಗೆ ದೊಡ್ಡ ನೌಕರಿ ಐತೆ ಅಂತೀಯ. ಒಂದಿನಾನೂ ಕೆಲಸಕ್ಕೆ ಹೋಗಿದ್ದು ಕಾಣ್ಲಿಲ್ಲ. ನಿಂಗೇ ರಜ ಸಿಗಾದಿಲ್ಲ, ಇವಂಗೆ ಹೆಂಗೆ ಸಿಗ್ತು?" ನಾಯಕಿ ವಿರಹದಲ್ಲಿ ತಟ್ಟೆ ಸರಿಸಿ ಎದ್ದುಹೋದರೆ ಅವ್ವನ ಚಿಂತೆ ವಿರಹದ ಬಗ್ಗೆ ಅಲ್ಲ. "ಆ ಊಟ ಏನಾತು? ಯಾರಿಗಾದ್ರೂ ಹಾಕಿದ್ರಾ, ಚೆಲ್ಲಿದ್ರಾ?" ನಾಯಕ, ನಾಯಕಿಯ ಜೊತೆ ಅವಳ ಅಣ್ಣನನ್ನು ಕಂಡು ತಪ್ಪು ತಿಳಿದು ನೂರು ಪುಟ ಸೊರಗುವ ಕಾದಂಬರಿಯೊಂದಿತ್ತು. ಅವ್ವನಿಗೆ ತಡೆಯಲಾಗಲಿಲ್ಲ. "ಇವ್ನ್ಯಾರು ಅಂತ ಒಂದು ಮಾತು ಕೇಳಿದ್ರೆ ಮುಗೀತಿತ್ತು."

"ಕೇಳಿದ್ರೆ ಪುಸ್ತಕಾನೇ ಮುಗಿದುಹೋಗ್ತದಲ್ಲ ಅವ್ವ."

"ಮುಗೀಲಿ ಬಿಡು. ಇನ್ನೊಂದು ತಂದ್ರಾತು."

ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡಿದ್ದ ನಾನು ಇದಕ್ಕಿಂತ ಚೊಕ್ಕವಾದ ವಿಮರ್ಶೆಯನ್ನು ಎಲ್ಲೂ ಓದಿರಲಿಲ್ಲ.

ಈಗ ಡಾಕ್ಟ್ರ ಪುಸ್ತಕಕ್ಕೆ ಬರುತ್ತೇನೆ. ಒಬ್ಬ ಡಾಕ್ಟರು, ಒಬ್ಬಳು ನರ್ಸು. ಇಬ್ಬರೂ ಬೆಟ್ಟ ಹತ್ತುತ್ತಾರೆ, ಮಳೆ ಬರುತ್ತದೆ, ಪಾಳು ಮಂಟಪದೊಳಗೆ ಓಡುತ್ತಾರೆ. ಶೇಂಗಾ ಸದ್ದು ಪೂರ್ತಿ ನಿಂತಿತ್ತು. ಡಾಕ್ಟರು ನರ್ಸಿನ ಕೈ ಹಿಡಿದ. ನಾನು ಓದಿದೆ. ಅವಳನ್ನು ಹತ್ತಿರಕ್ಕೆ ಎಳೆದುಕೊಂಡ. ಅದನ್ನೂ ಓದಿದೆ, ಸ್ವಲ್ಪ ಸಣ್ಣ ದನಿಯಲ್ಲಿ. ಅಷ್ಟರಲ್ಲಿ ನನ್ನ ಕಣ್ಣು ಮುಂದಿನ ಸಾಲಿಗೆ ಹೋಗಿತ್ತು. ಎದುರಿಗೆ ಹೆತ್ತ ಅವ್ವ. ಪಕ್ಕದಲ್ಲಿ ಪೊಲೀಸರ ಹೆಂಡತಿ. ಬೆನ್ನಲ್ಲಿ ಬೆವರು ಇಳಿಯಿತು. ಮಂಡಿಯ ಹತ್ತಿರ ಆರಿಹೋದ ಕಾಫಿ ಲೋಟ ಕಂಡಿತು. "ಆಮೇಲೆ ಇಬ್ಬರೂ ಕಾಫಿ ಕುಡಿದರು," ಎಂದು ಓದಿ ಹಾಳೆ ತಿರುವಿದೆ.

ಅಲ್ಲಿಂದ ಮುಂದೆ ಆ ಡಾಕ್ಟರಿಗೂ ನರ್ಸಿಗೂ ಬೇರೆ ಕೆಲಸವೇ ಇಲ್ಲದಂತಾಯಿತು. ಕಾರಿನಲ್ಲಿ ಕಾಫಿ ಕುಡಿದರು. ಮಹಡಿ ಮೇಲೆ ಕುಡಿದರು. ಬೆಳದಿಂಗಳಲ್ಲಿ, ದೋಣಿಯಲ್ಲಿ, ಆಪರೇಷನ್ ಕೋಣೆಯ ಹಿಂದಿನ ಓಣಿಯಲ್ಲಿ ಕುಡಿದರು. "ಇವ್ರಿಗೆ ಪಿತ್ತ ಆಗಾದಿಲ್ವಾ?" ಎಂದಳು ಅವ್ವ. "ಡಾಕ್ಟ್ರಲ್ವೇನಕ್ಕ, ಔಷಧಿ ಅವ್ರ ಹತ್ರಾನೇ ಇರ್ತೈತೆ," ಎಂದರು ಗಂಗಮ್ಮ. ಇಪ್ಪತ್ತನೇ ಅಧ್ಯಾಯದಲ್ಲಿ ನರ್ಸು ಬಸಿರಾದಳು. ಅದನ್ನು ನಾನು ಅಜಾಗರೂಕತೆಯಿಂದ ಓದಿಬಿಟ್ಟೆ. ಅವ್ವ ಕೈಲಿದ್ದ ಕಾಯಿ ಕೆಳಗಿಟ್ಟು ಕೇಳಿದಳು: "ಮದುವಿ ಯಾವಾಗಾತು?"

"ಹಿಂದಿನ ಪುಟದಾಗೇ ಆತು ಅವ್ವ. ಗುಡಿಯಾಗೆ."

"ಊಟಕ್ಕೇನು ಹಾಕಿಸಿದ್ರು?"

"ಗಡಿಬಿಡಿ ಮದುವಿ. ಬರೀ ಕಾಫಿ."

ನಗುವವರು ನಗಲಿ. ಆದರೆ ನನ್ನ ಸಂಕಟ ಬೇರೆಯೇ ಇತ್ತು. ನೀರಿಗೆ ಹೋದಲ್ಲಿ, ಗಿರಣಿಗೆ ಹೋದಲ್ಲಿ ಅವ್ವ ಹೇಳಿಕೊಂಡು ಬರುತ್ತಿದ್ದಳು: "ನನ್ ಮಗ ಓದಿದ್ರೆ ಒಂದಕ್ಷರ ಬಿಡಾದಿಲ್ಲ ಕಣ್ರೀ." ಯಾವ ಅಕ್ಷರಕ್ಕಾಗಿ ಅವಳು ಮಂಡಿಯುದ್ದ ಕೆಸರಿನಲ್ಲಿ ನಿಂತಿದ್ದಳೋ ಆ ಅಕ್ಷರದಲ್ಲೇ ನಾನು ಅವಳಿಗೆ ಮೋಸ ಮಾಡುತ್ತಿದ್ದೆ. ಅವಳಿಗೆ ಗೊತ್ತಾದರೆ ಮುಂದೆ ನಾನು ತೋರಿಸುವ ಯಾವ ಕಾಗದವನ್ನು ತಾನೇ ನಂಬಿಯಾಳು? ಬೋರ್ಡಿನ ಧೂಳು ಒರೆಸುವಾಗ ಆ ಎರಡಕ್ಷರ ನನ್ನನ್ನೇ ದುರುಗುಟ್ಟಿ ನೋಡಿದಂತಾಗುತ್ತಿತ್ತು.

ಹೀಗಿರುವಾಗ ನ್ಯಾಮತಿಯಿಂದ ಹೆಣ್ಣಿನ ಸುದ್ದಿ ಬಂತು. ಹುಡುಗಿಯ ಹೆಸರು ಸರೋಜ, ತಂದೆ ಪ್ರೈಮರಿ ಶಾಲೆಯ ಮೇಷ್ಟ್ರು. "ಪಿಯುಸಿ ಮಾಡ್ಯಾಳೆ, ಕಾದಂಬರಿ ಓದೋ ಹುಚ್ಚು ಬಾಳ," ಎಂದು ಸಂಬಂಧ ತಂದವರು ಹೇಳಿದಾಗ ನನಗೆ ಸಂತೋಷವಾಯಿತು. ಅವ್ವನೂ ನಾನೂ ಹೆಣ್ಣು ನೋಡಲು ಹೊರಟು, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಕೂತಾಗ ಆ ಸಂತೋಷಕ್ಕೆ ನಡುಕ ಹತ್ತಿತು. ಯಾಕೆಂದರೆ ಅವ್ವ, "ನಮ್ಮ ಡಾಕ್ಟ್ರ ಪುಸ್ತಕ ಓದಿದಾಳೋ ಇಲ್ಲೋ ಕೇಳ್ತೀನಿ," ಎಂದಳು. ನಾನು ಬೇಡವೆಂದೆ. ಹೆಣ್ಣು ನೋಡಲು ಹೋದಲ್ಲಿ ಹಾಗೆಲ್ಲ ಕೇಳಿದರೆ ಚೆನ್ನಾಗಿರುವುದಿಲ್ಲ ಎಂದೆ. "ಹಾಡು ಹೇಳು ಅಂತ ಕೇಳಿದ್ರೆ ಚೆಂದಾನಾ?" ಎಂದು ಅವ್ವ ಕಿಟಕಿ ಕಡೆ ತಿರುಗಿದಳು.

ಸರೋಜ ಉಪ್ಪಿಟ್ಟು ಕೊಟ್ಟು, ಮತ್ತೆ ಒಳಗೆ ಹೋಗಿ ಕಾಫಿಯನ್ನೇ ತಂದಳು. ಅವ್ವ ಲೋಟ ಕೈಗೆತ್ತಿಕೊಂಡು ಕೇಳಿದಳು. "ಡಾಕ್ಟ್ರು ನರ್ಸಿಂದು ಒಂದು ಕಥಿ ಐತಲ್ಲವ್ವ, ಬೆಟ್ಟ ಹತ್ತಾರಲ್ಲ, ಓದಿಯಾ?"

"ಓದೀನಿ," ಎಂದಳು ಸರೋಜ. ಅವಳ ಮುಖ ಒಮ್ಮೆಲೇ ಕೆಂಪಾಯಿತು. ಓದಿದ್ದಾಳೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಆ ಮಂಟಪದಾಗೆ ಇಬ್ರೂ ಕಾಫಿ ಕುಡೀತಾರಲ್ಲ. ಅಷ್ಟು ಮಳೆಯಾಗೆ, ಬೆಟ್ಟದ ಮ್ಯಾಲೆ, ಕಾಫಿ ಎಲ್ಲಿಂದ ಬಂತವ್ವ?"

ಸರೋಜ ಹುಬ್ಬು ಗಂಟಿಕ್ಕಿದಳು. "ಕಾಫೀನಾ?" ಎಂದಳು. ಮೇಷ್ಟ್ರು ಮಗಳನ್ನು ನೋಡಿದರು. ನಾನು ಉಪ್ಪಿಟ್ಟಿನ ತಟ್ಟೆಯೊಳಗಿನ ಸಾಸಿವೆ ನೋಡಿದೆ. ಅವಳು ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಹೆಣ್ಣೂ ಹೋಯಿತು, ಅವ್ವನ ನಂಬಿಕೆಯೂ ಹೋಯಿತು. ಕಣ್ಣೆತ್ತಿದಾಗ ಸರೋಜ ನನ್ನನ್ನೇ ನೋಡುತ್ತಿದ್ದಳು. ನನ್ನ ಮುಖದ ಮೇಲೆ ಏನು ಬರೆದಿತ್ತೋ, ಅದನ್ನು ಒಂದಕ್ಷರ ಬಿಡದೆ ಓದಿಕೊಂಡಳೆಂದು ಕಾಣುತ್ತದೆ.

"ಫ್ಲಾಸ್ಕ್ ತಗಂಡು ಹೋಗಿರ್ತಾರೆ, ಅತ್ತೆ," ಎಂದಳು.

ಅತ್ತೆ ಅಂದಳು! ನಾವಿನ್ನೂ ಒಪ್ಪಿಗೆ ಹೇಳಿರಲಿಲ್ಲ. ಅವ್ವ ನನ್ನ ಕಡೆ ತಿರುಗಿ, "ನೋಡು, ಫ್ಲಾಸ್ಕಿಂದು ನೀನು ಓದೇ ಇಲ್ಲ," ಎಂದು ಗದರಿ, ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, "ಮುಹೂರ್ತ ಯಾವಾಗ ಇಟ್ಕಳಾನ ಮೇಷ್ಟ್ರೇ?" ಎಂದಳು.

ಮದುವೆಯಾಗಿ ಬಂದ ಮೇಲೆ ಭಾನುವಾರದ ಓದು ಸರೋಜಳ ಪಾಲಿಗೆ ಹೋಯಿತು. ಅವ್ವ ಮೊದಲು ಕೇಳಿದ್ದೇ ಡಾಕ್ಟ್ರ ಪುಸ್ತಕ, ಪುನಃ ಮೊದಲಿನಿಂದ. ನಾನು ಹೊಸ್ತಿಲ ಹತ್ತಿರ ಕೂತಿದ್ದೆ. ಬೆಟ್ಟ ಬಂತು, ಮಳೆ ಬಂತು. ನಾನು ಕೆಮ್ಮಿದೆ. ಸರೋಜ ನಿಲ್ಲಿಸಲಿಲ್ಲ. ಅವ್ವ ಮೊರದಿಂದ ತಲೆಯೆತ್ತಿ, "ಹೆಂಗಸರು ಕುಂತಲ್ಲಿ ನಿಂದೇನು? ಜಗುಲಿ ಮ್ಯಾಲೆ ಹೋಗಿ ಕೂರು," ಎಂದಳು. ಹೋಗಿ ನನ್ನ ಬೋರ್ಡಿನ ಕೆಳಗೆ ಕೂತೆ. ಒಳಗೆ ಶೇಂಗಾ ಸದ್ದು ನಿಂತಿತು. ಎಷ್ಟೋ ಹೊತ್ತು ನಿಂತೇ ಇತ್ತು. ಆಮೇಲೆ ಮೂವರೂ ಎಂಥಾ ನಗು ನಕ್ಕರು ನೋಡಿ, ಬೀದಿಯ ಆಚೆ ಬದಿಯ ದರ್ಜಿ ಮಿಷನ್ ನಿಲ್ಲಿಸಿ ಇತ್ತ ನೋಡಿದ. ಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದು ನನ್ನ ಪಕ್ಕದಲ್ಲಿ ಲೋಟ ಇಟ್ಟರು. "ನಿಮ್ಮವ್ವ ಕೊಟ್ರು. ಕಾಫಿ."

ಸಂಜೆ ಅವ್ವನನ್ನು ನೇರವಾಗಿ ಕೇಳಿಯೇಬಿಟ್ಟೆ. ಮೊದಲೇ ಗೊತ್ತಿತ್ತಾ?

"ನಂಗೆ ಅಕ್ಷರ ಬರಾದಿಲ್ಲ, ಹೌದು. ಕಾಫಿ ಅಂದಾಗೆಲ್ಲ ಎರಡೆರಡು ಹಾಳಿ ತಿರುವ್ತಿದ್ದಿ. ನಾಟಿ ಹಾಕೋಳಿಗೆ ಸಾಲು ಬಿಟ್ಟಿದ್ದು ಕಾಣಾದಿಲ್ವಾ?"

"ಮತ್ತೆ ಯಾಕೆ ಸುಮ್ನಿದ್ದಿ?"

"ನಿಂಗೆ ನಾಚಿಕಿ ಆಗ್ತೈತೆ ಅಂತ."

"ನ್ಯಾಮತಿಯಾಗೆ ಎಲ್ಲರ ಮುಂದೆ ಕೇಳಿದ್ಯಲ್ಲ?"

ಅವ್ವ ಸುಲಿದ ಕಾಳನ್ನು ಡಬ್ಬಿಗೆ ಸುರಿಯುತ್ತಾ ಹೇಳಿದಳು. "ಮನಿಗೆ ಬರೋಳು ನಿನ್ನ ಮಾನ ಮುಚ್ತಾಳೋ, ಎಲ್ಲರೆದುರಿಗೆ ಬಿಚ್ತಾಳೋ ನೋಡಬೇಕಿತ್ತು. ಅದನ್ನ ಬ್ಯಾರೆ ಹೆಂಗೆ ಕೇಳಾಕೆ ಬರ್ತೈತೆ?"

ನನ್ನ ಬಿ.ಎ.ಗೆ ಸರಿಸಾಟಿಯಾದ ಪರೀಕ್ಷೆಯೊಂದನ್ನು ಅವ್ವ ಉಪ್ಪಿಟ್ಟಿನ ಮುಂದೆ ಕೂತು ನಡೆಸಿ ಮುಗಿಸಿದ್ದಳು. ಮಾರನೆಯ ದಿನ ಬೋರ್ಡು ಒರೆಸಿದೆ, ಆದರೆ ಬಿ.ಎ. ಜೊತೆಗೆ ಹೆಸರಿನ ಧೂಳನ್ನೂ ಒರೆಸಿದೆ.

ಈಗ ಯಾರಾದರೂ ನನ್ನ ಅಭಿಪ್ರಾಯ ಕೇಳಿದರೆ, ಪ್ರೇಮದ ಕಾದಂಬರಿ ಬರೆಯುವವರು ಧೈರ್ಯವಂತರು ಎನ್ನುತ್ತೇನೆ. ಅವರ ತಾಯಂದಿರೂ ಎದುರಿಗೆ ಕೂತು ಕೇಳುವವರೇ ಇರಬೇಕಲ್ಲ. ನನಗಂತೂ ಆ ಧೈರ್ಯ ಈವರೆಗೂ ಬಂದಿಲ್ಲ. ಮದುವೆಯಾದ ಹೊಸತರಲ್ಲಿ ನಾನೂ ಸರೋಜಳೂ ಚನ್ನಗಿರಿಯ ಕೋಟೆ ಗುಡ್ಡ ಹತ್ತಿದ್ದೆವು. ಅರ್ಧ ದಾರಿಗೆ ಮಳೆ ಬಂತು, ಒಂದು ಕಲ್ಲಿನ ಮರೆಗೆ ಓಡಿದೆವು. ಫ್ಲಾಸ್ಕ್ ಮನೆಯಲ್ಲೇ ಮರೆತು ಬಂದಿದ್ದೆವು. ಆದರೂ, ಓದುಗರು ನಂಬಬೇಕು, ಅಲ್ಲಿ ನಾವಿಬ್ಬರೂ ಕಾಫಿ ಕುಡಿದೆವು.