ಜಿಪ್ಸಂ ಗೋಡೆಯ ಮೇಲೆ ಅತ್ತೆಯ ಭರಣಿಗಳು

ಗೋಡೆ ಅಂದರೆ ಗಟ್ಟಿಯಾಗಿರುವಂಥದ್ದು ಎಂದು ನಂಬಿ ಬೆಳೆದವಳು ನಾನು. ನನ್ನ ತವರು ಬೇತಮಂಗಲದ ಕಡೆ. ಅಲ್ಲಿ ಮಣ್ಣಿನ ಗೋಡೆಗೆ ಅಪ್ಪ ಹೊಡೆದಿದ್ದ ಗೂಟಕ್ಕೆ ನೊಗ, ಹಗ್ಗ, ಬೀಜದ ಮೂಟೆ ಎಲ್ಲವೂ ನೇತುಬಿದ್ದಿರುತ್ತಿದ್ದವು. ಗೂಟ ಅಲುಗಿದ್ದನ್ನು ನಾನು ಕಂಡವಳಲ್ಲ. ಮನುಷ್ಯರನ್ನು ಅನುಮಾನಿಸುವುದನ್ನು ಬೇಗ ಕಲಿತೆ. ಗೋಡೆಯನ್ನೂ ಅನುಮಾನಿಸಬೇಕು ಎಂದು ಯಾರೂ ಹೇಳಿಕೊಡಲಿಲ್ಲ.

ಈಗ ನಾವಿರುವುದು ಊರಿಗಾಂನಲ್ಲಿ, ಮಾವನವರ ಕಾಲದ ಮನೆಯಲ್ಲಿ. ಅತ್ತೆ ತೀರಿಕೊಂಡ ಮೇಲೆ ನನಗೂ ನನ್ನ ವಾರಗಿತ್ತಿ ರಾಜಮ್ಮಕ್ಕನಿಗೂ ನಲ್ಲಿ ನೀರಿನ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ನೀರು ಬರುವುದೇ ಅಪರೂಪ. ಬಂದ ದಿನ ಯಾರ ಬಿಂದಿಗೆ ಮೊದಲು ಎಂಬುದು ಇಬ್ಬರಿಗೂ ಮಾನದ ಪ್ರಶ್ನೆಯಾಯಿತು. ನಮ್ಮ ಗಂಡಂದಿರು ಜಗಳವಾಡಲಿಲ್ಲ. ಬಂಗಾರಪೇಟೆಗೆ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಅಣ್ಣತಮ್ಮಂದಿರು ಅವರು. ಪಕ್ಕಪಕ್ಕದಲ್ಲಿ ಕೂತೇ ಮನೆ ಭಾಗ ಮಾಡಿಕೊಂಡು ಬಂದರು. ಇಟ್ಟಿಗೆ ಗೋಡೆ ಎಬ್ಬಿಸಿದರೆ ಶಾಶ್ವತವಾಗಿಬಿಡುತ್ತದೆ ಎಂದೋ ಏನೋ, ನಡುಮನೆಗೆ ಅಡ್ಡಲಾಗಿ ಜಿಪ್ಸಂ ಹಲಗೆಯ ಗೋಡೆ ನಿಲ್ಲಿಸಿದರು. ಒಳಗೆ ತೆಳು ಕಬ್ಬಿಣದ ಕಂಬಿಗಳು, ಈಚೆ ಆಚೆ ಬಿಸ್ಕತ್ತಿನಂಥ ಹಲಗೆ, ಮಧ್ಯೆ ಬರೀ ಗಾಳಿ. ಬಣ್ಣ ಹೊಡೆದ ಮೇಲೆ ಅದೂ ಗೋಡೆಯ ಹಾಗೇ ಕಾಣುತ್ತಿತ್ತು. ರಾಜಮ್ಮಕ್ಕ ಆಚೆ ಕೆಮ್ಮಿದರೆ ಈಚೆ ಕೇಳಿಸುತ್ತಿತ್ತು. ಆದರೂ ನಮ್ಮಿಬ್ಬರ ನಡುವೆ ಮಾತು ನಿಂತಿತ್ತು.

ಭಾಗದಲ್ಲಿ ನನಗೆ ಬಂದದ್ದು ಅತ್ತೆಯ ಉಪ್ಪಿನಕಾಯಿ ಭರಣಿಗಳು. ಎತ್ತಿದರೆ ಸೊಂಟ ಹಿಡಿಯುವಂಥವು. ಅವಕ್ಕೊಂದು ಶೆಲ್ಫ್ ಹಾಕಿಕೊಡಿ ಎಂದರೆ ನಮ್ಮೆಜಮಾನರು "ಭಾನುವಾರ ನೋಡೋಣ" ಎಂದರು. ಅವರ ಭಾನುವಾರಗಳನ್ನು ನಾನು ಬಲ್ಲೆ. ಪಕ್ಕದ ಬೀದಿಯಿಂದ ಡ್ರಿಲ್ಲಿಂಗ್ ಮೆಷಿನ್ ಇಸಕೊಂಡು ಬಂದು ನಾನೇ ಶುರು ಮಾಡಿದೆ. ಇಡ್ಲಿಗೆ ಕಡ್ಡಿ ಚುಚ್ಚಿದಷ್ಟು ಸಲೀಸಾಗಿ ತೂತು ಬಿತ್ತು. ಆಗಲೇ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಹೆಮ್ಮೆ.

ಶೆಲ್ಫ್ ಕೂರಿಸಿ, ನಾನೇ ಹಾಕಿದ್ದ ಉಪ್ಪಿನಕಾಯಿ ತುಂಬಿ ಭರಣಿಗಳನ್ನು ಸಾಲಾಗಿ ಇಟ್ಟೆ. ಮಾರನೇ ದಿನ ಮಧ್ಯಾಹ್ನ ಊಟಕ್ಕೆ ಉಪ್ಪಿನಕಾಯಿ ತೆಗೆಯಲು ಹೋದೆ. ಕರಕರ ಎಂದು ಸದ್ದಾಯಿತು. ಸ್ಕ್ರೂಗಳು ಹಲಗೆಯನ್ನು ರೊಟ್ಟಿಯ ಹಾಗೆ ಹರಿದುಕೊಂಡು ಈಚೆ ಬಂದವು. ಶೆಲ್ಫಿಗೆ ಆಸರೆಯಾಗಿದ್ದ ಕಬ್ಬಿಣದ ಪಟ್ಟಿ ಬೀಳುವಾಗ ತಿರುಚಿಕೊಂಡು ಆಚೆಯ ಹಲಗೆಗೂ ನುಗ್ಗಿ, ಅಂಗೈಯಗಲದ ಕಿಂಡಿ ಮಾಡಿತು. ದೊಡ್ಡ ಭರಣಿ ನನ್ನ ಕಾಲ ಪಕ್ಕದಲ್ಲೇ ಒಡೆದು, ಮಾವಿನಕಾಯಿಯ ಕೆಂಪು ರಸವೆಲ್ಲ ಸೀರೆಗೆ ಎರಚಿತು. ನನಗೆ ಏಟೇನೂ ಆಗಿರಲಿಲ್ಲ. ಆದರೆ ಆ ಚೂರುಗಳನ್ನು ನೋಡಿ, ಅತ್ತೆ ಇನ್ನೊಂದು ಸಲ ತೀರಿಕೊಂಡಂತಾಗಿ, ಅಲ್ಲೇ ಕುಸಿದು ಅತ್ತುಬಿಟ್ಟೆ.

ಕಿಂಡಿಯಲ್ಲಿ ಒಂದು ಕಣ್ಣು ಕಾಣಿಸಿತು. "ಅಯ್ಯೋ, ರಕ್ತ! ಸರೋಜಾ, ಅಲ್ಲಾಡಬ್ಯಾಡ ಕಣೇ, ಬಂದೆ!"

ರಾಜಮ್ಮಕ್ಕ ಬೀದಿ ಸುತ್ತಿಕೊಂಡು ಬರಿಗಾಲಲ್ಲಿ ಓಡಿ ಬಂದಳು. ಕೈಗೆ ಮೆತ್ತಿದ್ದ ರಾಗಿ ಹಿಟ್ಟು ಹಾಗೇ ಇತ್ತು. ನನ್ನ ಕಾಲು ಹಿಡಿದು, ಸೆರಗಿನಿಂದ ಒರೆಸುತ್ತಾ, "ಎಲ್ಲಿ ಏಟು? ಯೋಳೇ, ಎಲ್ಲಿ?" ಎಂದು ಗಾಯ ಹುಡುಕಿದಳು.

"ಅಕ್ಕಾ, ಅದು ಉಪ್ಪಿನಕಾಯಿ."

ಸೆರಗು ಮೂಸಿದಳು. ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತು, "ನನ್ ಜೀವ ಓದಂಗಾಯ್ತು" ಎಂದು ಅವಳೂ ಅತ್ತಳು. ಆಮೇಲೆ ಸೆರಗಿಗಂಟಿದ್ದ ರಸವನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡು, "ಉಪ್ಪು ಕಮ್ಮಿ ಆಕಿದ್ದೀಯ" ಎಂದಳು.

ಉಳಿದ ಭರಣಿಗಳನ್ನಾದರೂ ಉಳಿಸಿಕೊಳ್ಳಬೇಕಲ್ಲ. "ಬರೀ ಅಲಗೆ ಭಾರ ತಡೆಯಲ್ಲ, ಒಳಗಿನ ಕಂಬಿಗೇ ಆಕ್ಬೇಕು" ಎಂದು ರಾಜಮ್ಮಕ್ಕ ತೀರ್ಪು ಕೊಟ್ಟಳು. ಅವಳಪ್ಪ ಇಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಬಂಡೆ ತಟ್ಟಿ, ಸದ್ದು ಕೇಳಿಯೇ ಪೊಳ್ಳು ಯಾವುದು, ಗಟ್ಟಿ ಯಾವುದು ಎಂದು ಹೇಳುತ್ತಿದ್ದನಂತೆ. ಅದೇ ಧೈರ್ಯದಲ್ಲಿ ಗೋಡೆಗೆ ಕಿವಿಯಿಟ್ಟು ತಟ್ಟಿ, "ಇಲ್ಲೇ ಐತೆ" ಎಂದಳು. ಕೊರೆದೆ. ಗಾಳಿ. ಇನ್ನೊಂದು ಕಡೆ ತೋರಿಸಿದಳು. ಅಲ್ಲೂ ಗಾಳಿ. ಅಪ್ಪನ ಕಿವಿ ಮಗಳಿಗೆ ಬಂದಿರಲಿಲ್ಲ. ಕೊನೆಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ವೆಂಕಟರಮಣಸ್ವಾಮಿಯ ಆಯಸ್ಕಾಂತ ತೆಗೆದು ಗೋಡೆಯ ಮೇಲೆಲ್ಲ ಮೆಲ್ಲಗೆ ಆಡಿಸಿದೆವು. ಕಂಬಿಗೆ ಹಲಗೆ ಬಿಗಿದಿದ್ದ ಸ್ಕ್ರೂ ಸಿಕ್ಕಿದ ಕಡೆಯೆಲ್ಲ ಸ್ವಾಮಿ ಟಕ್ಕನೆ ಹಿಡಿದು ನಿಂತ. ನಾವು ಕೈಮುಗಿದು ಅಲ್ಲಿ ಪೆನ್ಸಿಲ್ ಗುರುತು ಹಾಕಿದೆವು.

ಆ ಗುರುತಿಗೆ ಸರಿಯಾಗಿ ಈಚೆಗೊಂದು, ಆಚೆಗೊಂದು ದಪ್ಪ ಪ್ಲೈವುಡ್ ಹಲಗೆ ಇಟ್ಟು, ಕಂಬಿಗಳನ್ನೂ ಸೇರಿಸಿ ಆಚೆವರೆಗೂ ಹೋಗುವ ಉದ್ದನೆಯ ಬೋಲ್ಟು ಹಾಕಿದೆವು. ನಾನು ಈಚೆಯಿಂದ ತೂರಿಸಿದೆ, ಅವಳು ಆಚೆಯಿಂದ ನಟ್ಟು ಬಿಗಿದಳು. "ಬಂತಾ ಅಕ್ಕಾ?" "ಬಂತು, ಇನ್ನೊಸಿ ತಳ್ಳು." ಕಿಂಡಿ ಪ್ಲೈವುಡ್ಡಿನಡಿ ಮುಚ್ಚಿಹೋಯಿತು; ಮಾತು ಮಾತ್ರ ಗೋಡೆಯ ಮೂಲಕವೇ ನಡೆಯುತ್ತಿತ್ತು. ಶೆಲ್ಫ್ ಕೂರಿಸಿದ ಮೇಲೆ, ಭರಣಿ ಇಡುವ ಮುಂಚೆ ಅದನ್ನು ಹಿಡಿದು ಜೋತುಬಿದ್ದು ನೋಡಿದೆ. ಅದು ಹಂದಲಿಲ್ಲ. ಭಾನುವಾರ ಗಂಡಂದಿರಿಬ್ಬರೂ ಬಂದು ಅಲ್ಲಾಡಿಸಿ ನೋಡಿ, "ಪರವಾಗಿಲ್ಲ" ಎಂದು ಟೀ ಕುಡಿಯಲು ಹೋದರು.

ಮೊನ್ನೆ ಬೀದಿಯ ಹೆಂಗಸರೆಲ್ಲ ಕೂತಿದ್ದಾಗ ರಾಜಮ್ಮಕ್ಕ ನನ್ನ ಸೊಪ್ಪಿನ ಸಾರು ಸಪ್ಪೆ ಎಂದು ಹೆಸರಿಟ್ಟಳು. ನಾನು ನಕ್ಕು ಸುಮ್ಮನಾದೆ. "ಸರೋಜಮ್ಮಂಗೆ ಎಂಥಾ ತಾಳ್ಮೆ ಬಂದ್ಬುಟ್ಟೈತೆ ನೋಡ್ರೀ" ಎಂದು ಎಲ್ಲರೂ ಹೊಗಳಿದರು. ನಾನೂ ತಲೆ ತಗ್ಗಿಸಿ, ದೊಡ್ಡ ಮನಸ್ಸಿನವಳ ಹಾಗೆ ಕೇಳಿಸಿಕೊಂಡೆ. ನನ್ನ ಭರಣಿಗಳನ್ನು ಹಿಡಿದು ನಿಲ್ಲಿಸಿರುವ ನಟ್ಟುಗಳೆಲ್ಲ ಅವಳ ಕಡೆಯೇ ಇವೆ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.