‘ತಗೊಂಡ್ ಬಾ’ ಎನ್ನದ ಮಾವ

ನಮ್ಮ ಸೋದರಮಾವನಷ್ಟು ಕಾಟ ಕೊಡುವ ಒಳ್ಳೆಯ ಮನುಷ್ಯ ಅರಸೀಕೆರೆಯಲ್ಲಿ ಇನ್ನೊಬ್ಬರಿರಲಿಲ್ಲ! ಕೆಟ್ಟವರು ಕಾಟ ಕೊಟ್ಟರೆ ಪೊಲೀಸರಿಗೆ ಹೇಳಬಹುದು. ಒಳ್ಳೆಯವರು ಕೊಟ್ಟರೆ ಯಾರಿಗೆ ಹೇಳುವುದು, ಹೇಳಿ? ‘ಅದನ್ನ ತಗೊಂಡ್ ಬಾ’ ಎಂಬ ಮಾತನ್ನು ಮನುಷ್ಯನಾದವನು ದಿನಕ್ಕೆ ನೂರು ಸಲವಾದರೂ ಆಡುತ್ತಾನೆ. ನಮ್ಮ ಮಾವ ಹೆಂಡತಿಗಾಗಲಿ, ಜವಾನನಿಗಾಗಲಿ, ನನಗಾಗಲಿ ಒಂದು ಸಲವೂ ಆಡಿದವರಲ್ಲ.

ಊಟಕ್ಕೆ ಕೂತಿರುತ್ತಾರೆ. ಸಾರಿಗೆ ಉಪ್ಪು ಸಾಲದು. ಅತ್ತೆ ಎರಡು ಮಾರು ದೂರದಲ್ಲಿ ಸೌಟು ಹಿಡಿದು ನಿಂತಿದ್ದರೂ ಮಾವ ಎಂಜಲು ಕೈಯನ್ನು ಮೇಲೆತ್ತಿಕೊಂಡು ತಾವೇ ಎದ್ದು ಅಡುಗೆಮನೆಗೆ ನಡೆದುಬಿಡುತ್ತಾರೆ!

“ನಾನೇನ್ ಸತ್ತೋಗಿದೀನಾ?” ಎಂದು ಅತ್ತೆ ಕೂಗುವರು. “ಕೇಳಿದ್ರೆ ಬಡಿಸಕ್ಕಿಲ್ವಾ?”

“ನೀನ್ ನಿಂತ್ಕೋ ಕಣೇ, ನಾನೇ ತಗೋತೀನಿ.”

ಅತ್ತೆ ನನ್ನ ಕಡೆ ತಿರುಗುವರು. “ಮದ್ವೆಯಾಗಿ ಒಂಬತ್ ವರ್ಷ ಆಯ್ತು, ಈ ಪುಣ್ಯಾತ್ಮ ನನ್ನ ಒಂದ್ ಲೋಟ ನೀರ್ ಕೇಳಿಲ್ಲ. ಬೀದಿ ಜನ ಏನಂತಾರೆ ಗೊತ್ತೇನೋ? ನಾನ್ ಬಜಾರಿಯಂತೆ, ಗಂಡನ್ ಕೈಲಿ ಗೇಯಿಸ್ಕೊಳ್ತೀನಂತೆ!”

ಅತ್ತೆ ಸಾಧ್ವಿ. ಆದರೂ ಆ ಬೀದಿಯ ಹೊಸ ಸೊಸೆಯರಿಗೆಲ್ಲ ಅವರು ಗುರುವಾಗಿಬಿಟ್ಟಿದ್ದರು!

ಕಚೇರಿಯಲ್ಲೂ ಇದೇ ಗತಿ. ಮಾವ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ಕಡತಗಳನ್ನು ತಾವೇ ಹೊತ್ತು ತರುವರು, ಶಾಯಿಯನ್ನು ತಾವೇ ತುಂಬುವರು, ಗಂಟೆಯನ್ನೂ ಓಡಿಹೋಗಿ ತಾವೇ ಹೊಡೆಯುವರು. ಜವಾನ ಪಾಪ, “ನನ್ ಮ್ಯಾಲೆ ಏನ್ ಕ್ವಾಪ ಸ್ವಾಮಿ?” ಎಂದು ಅತ್ತೂ ಅತ್ತೂ ಕಡೆಗೆ ಕೂರುವುದನ್ನು ಕಲಿತ. ಒಮ್ಮೆ ಶಾಲೆಗಳ ಇನ್‌ಸ್ಪೆಕ್ಟರು ಬಂದರು. ಓಡಾಡುತ್ತಿದ್ದ ಮಾವನ ಕೈಗೆ ಒದ್ದೆ ಛತ್ರಿ ಕೊಟ್ಟು, ಕುರ್ಚಿಯಲ್ಲಿದ್ದ ಜವಾನನಿಗೆ ಕೈಮುಗಿದು, “ಹೇಗಿದೆ ಶಾಲೆ?” ಎಂದು ಕೇಳಿದರಂತೆ! ಜವಾನ, “ಪರವಾಗಿಲ್ಲ, ನಡೀತಾ ಐತೆ,” ಎಂದನಂತೆ.

ಇಂಥವರು ಒಂದು ಕಾಲಕ್ಕೆ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಕ್ಲಬ್ಬಿನ ಕ್ಯಾಪ್ಟನ್ ಆಗಿದ್ದರೆಂದರೆ ಯಾರು ನಂಬುತ್ತಾರೆ? ನಾನೂ ನಂಬಿರಲಿಲ್ಲ. ಕಡೆಯ ವರ್ಷ ಪರೀಕ್ಷೆಗೆ ಕೂರದೆ ಮನೆಗೆ ಬಂದವರು ಎಂಬುದಷ್ಟೇ ನಮಗೆ ಗೊತ್ತಿದ್ದದ್ದು.

ಒಂದು ದಿನ ಆ ಕ್ಲಬ್ಬಿನಿಂದ ಪತ್ರ ಬಂತು. ಕ್ಲಬ್ಬಿನ ಚರಿತ್ರೆಯನ್ನು ಪುಸ್ತಕ ಮಾಡುತ್ತೇವೆ, ಹಳೆಯ ಕ್ಯಾಪ್ಟನ್ನರಾದ ತಾವು ಸಂಪ್ರದಾಯಗಳನ್ನೆಲ್ಲ ಬರೆದುಕೊಡಬೇಕು ಎಂದು. ಮಾವ ಪತ್ರ ಹಿಡಿದು ನನ್ನ ಸೈಕಲ್ ಶಾಪಿಗೆ ಬಂದರು.

“ಲೇ ಅಳಿಯ, ನಾನ್ ಹೇಳ್ತೀನಿ, ನೀನ್ ಬರ್ಕೋ. ಇದೊಂದನ್ನ ನನ್ ಕೈಲಿ ಬರೆಯಕ್ಕಾಗಲ್ಲ ಕಣೋ.”

ನಾನು ಮಿಡ್ಲ್‌ಸ್ಕೂಲಿನ ಎರಡನೇ ವರ್ಷಕ್ಕೇ ಪಾಟಿ ಬಿಟ್ಟು ಪಂಪು ಹಿಡಿದವನು. ಹಾಗೆಂದು ಯಾರೂ ಹಗುರವಾಗಿ ನೋಡಬೇಕಾಗಿಲ್ಲ. ನನ್ನ ಅಕ್ಷರ ಮುತ್ತಿನಂತಿದೆ. ಬಿ.ಎ. ಆದವರು ನನ್ನ ಶಾಪಿನ ಬೆಂಚಿನ ಮೇಲೆ ಕಾದು ಕೂತು ಅರ್ಜಿ ಬರೆಸಿಕೊಂಡು ಹೋಗುತ್ತಾರೆ. ಭಾನುವಾರಗಳಲ್ಲಿ ಕೈಗೆ ಹತ್ತಿದ ಗ್ರೀಸು ಒರೆಸಿಕೊಂಡು ಬರೆಯಲು ಕೂತೆ.

ಏನು ಸಂಪ್ರದಾಯಗಳು ಅಂತೀರಿ! ಬಸ್ಸಿನಲ್ಲಿ ಚೆಂಡನ್ನು ಕ್ಯಾಪ್ಟನ್ ತೊಡೆಯ ಮೇಲೆಯೇ ಕೂರಿಸಿಕೊಳ್ಳಬೇಕು, ಬಸುರಿ ಹೆಂಗಸು ಬಂದರೆ ಮಾತ್ರ ಎದ್ದು ಜಾಗ ಬಿಡಬೇಕು, ಆಗಲೂ ಚೆಂಡು ನೆಲ ಮುಟ್ಟಬಾರದು. ಸೋತರೆ ಮತ್ತೆ ಗೆಲ್ಲುವವರೆಗೆ ಕಾಲುಚೀಲ ಒಗೆಯಬಾರದು. ಒಂದು ವರ್ಷ ಸತತವಾಗಿ ಸೋತು, ಕಡೆಗೆ ಎದುರಾಳಿಗಳೇ ವಾಸನೆ ತಾಳಲಾರದೆ ದೂರ ದೂರ ನಿಂತು ಇವರನ್ನು ಗೆಲ್ಲಿಸಿದರಂತೆ!

“ಮತ್ತೊಂದು ಬರ್ಕೋ,” ಎಂದರು ಮಾವ. “ಚೆಂಡು ಹೊರಗೆ ಹೋದ್ರೆ ಕ್ಲಬ್ಬಿಗೆ ಹೊಸದಾಗಿ ಸೇರಿದವನೇ ತರಬೇಕು. ಚರಂಡಿಗೆ ಬೀಳ್ಲಿ, ಮುಳ್ಳಿಗೆ ಬೀಳ್ಲಿ. ಕ್ಯಾಪ್ಟನ್ ‘ತಗೊಂಡ್ ಬಾ’ ಅಂದ್ರೆ ಎದುರು ಮಾತಿಲ್ಲ.”

“ನೀವೂ ತಂದಿದ್ರಾ ಮಾವ?”

“ವಾರ್ಡನ್ನರ ನಾಯಿ ಬಾಯಿಂದ ತಂದಿದ್ದೆ ಕಣೋ!” ಎಂದು ಮೊಣಕಾಲಿನ ಗಾಯದ ಗುರುತು ತೋರಿಸಿ ನಕ್ಕರು. ನಗು ಅಲ್ಲಿಗೇ ನಿಂತಿತು. “ಸಾಕು, ಇವತ್ತಿಗೆ ಇಷ್ಟೇ.”

ಮುಂದಿನ ಭಾನುವಾರ ಅವರದೇ ಕ್ಯಾಪ್ಟನ್‌ಗಿರಿಯ ವರ್ಷ ಬರಬೇಕು. ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಶಾಪಿಗೆ ಬರುವರು, ನನ್ನ ಸ್ಪ್ಯಾನರುಗಳನ್ನು ಒರೆಸಿ ಸಾಲಾಗಿ ಇಡುವರು, ಎದ್ದು ಹೋಗುವರು. ಮೂರನೇ ವಾರ ನಾನು ರೇಗಿದೆ.

“ಏನ್ ಮಾವ ಇದು! ನಂಗ್ ಬೇರೆ ಕೆಲ್ಸ ಇಲ್ವಾ? ಹೇಳೋದಾದ್ರೆ ಹೇಳಿ, ಇಲ್ದಿದ್ರೆ ಕಾಗದ ತಗೊಂಡ್ ಹೋಗಿ.”

ಮಾವ ಹೇಳಿದರು. ನೆಲ ನೋಡುತ್ತ ಹೇಳಿದರು.

ಬೇಲೂರಿನಲ್ಲಿ ಪಂದ್ಯ ಮುಗಿಸಿ ಮರುದಿನ ತಂಡದವರೆಲ್ಲ ಹಳೇಬೀಡು ನೋಡಲು ಹೋಗಿದ್ದರು. ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗ ಹತ್ತಿರದ ಹಗರೆಯವನು, ವಿಧವೆ ತಾಯಿಗೆ ಒಬ್ಬನೇ ಮಗ. ಮಧ್ಯಾಹ್ನ ಎಲ್ಲರಿಗೂ ಅವನ ಮನೆಯಲ್ಲೇ ಊಟ. ಹನ್ನೊಂದು ಎಲೆ ಹಾಕಲು ತಾಯಿಗೆ ಹೇಳಿ ಕಳಿಸಿದ್ದ. ಕೆರೆ ಏರಿಯ ಮೇಲೆ ಆಡುತ್ತಿದ್ದಾಗ ಚೆಂಡು ನೀರಿಗೆ ಬಿತ್ತು.

“ನಂಗೆ ಈಜು ಬರಲ್ಲ ಕ್ಯಾಪ್ಟನ್, ಅಂದ. ನಾನು ನಕ್ಕೆ ಕಣೋ. ಎಲ್ರೂ ನಕ್ಕರು. ಸೊಂಟದ ಮಟ್ಟ ಐತೆ, ತಗೊಂಡ್ ಬಾ, ಅಂದೆ.”

ಸೊಂಟದ ಮಟ್ಟ ಇರಲಿಲ್ಲ.

ಉಳಿದದ್ದು ಇನ್ನೂ ಕಷ್ಟದ್ದು. ಮಾವನೂ ಸೇರಿ ತಂಡದವರೆಲ್ಲ, ಅವನೇ ಇಳಿದ, ನಾವು ನೋಡಲಿಲ್ಲ ಎಂದು ಹೇಳಿಬಿಟ್ಟರು. ಈಜು ಬಾರದವನು ತಾನಾಗಿ ಕೆರೆಗೆ ಯಾಕೆ ಇಳಿಯುತ್ತಾನೆ? ಊರಿನವರು ತಾವೇ ಉತ್ತರ ಹುಡುಕಿಕೊಂಡರು. ಪರೀಕ್ಷೆಯಲ್ಲಿ ನಪಾಸಾಗಿದ್ದನಂತೆ, ಬೇಕೆಂದೇ ಬಿದ್ದನಂತೆ. ಹನ್ನೊಂದು ವರ್ಷದಿಂದ ಆ ತಾಯಿ ಅದನ್ನೇ ಕೇಳಿಕೊಂಡು ಬದುಕಿದ್ದಳು.

ನಾನು ಸಮಾಧಾನ ಹೇಳುವ ಜಾತಿಯವನಲ್ಲ. ಮೈ ಉರಿಯಿತು.

“ನಮ್ಮತ್ತೆ ಕೈಯಿಂದ ಉಪ್ಪು ಇಸ್ಕೊಳ್ದೆ ಇದ್ರೆ ಆ ಯಮ್ಮಂಗೆ ಏನ್ ಬಂತು ಮಾವ? ಹೇಳ್ಬೇಕಾದ್ ಕಡೆ ಹೇಳ್ದೆ ಇಡೀ ಅರಸೀಕೆರೆಗೆ ಸೇವೆ ಮಾಡ್ಕೊಂಡ್ ಕೂತಿದೀರಲ್ಲ!”

ಮಾವ ಕೈಲಿದ್ದ ಸ್ಪ್ಯಾನರನ್ನು ಸಾಲಿನಲ್ಲಿಟ್ಟರು. ಆಮೇಲೆ, “ಬರ್ಕೋ,” ಎಂದರು. ಒಂದು ಪುಟ. ಒಂದಕ್ಷರವೂ ಕಾಟು ಹೊಡೆಯದೆ ಬರೆದೆ. ಕ್ಲಬ್ಬಿಗೆ ಕಳಿಸುವ ಮೊದಲು ಅದು ಹಗರೆಗೆ ಹೋಗಬೇಕು ಎಂದೆ. ತಲೆಯಾಡಿಸಿದರು.

ಹಳೇಬೀಡಿನ ಕೆರೆ ದಾಟುವವರೆಗೆ ಬಸ್ಸಿನಲ್ಲಿ ಮಾವ ಕಣ್ಣು ಮುಚ್ಚಿಕೊಂಡಿದ್ದರು. ಹಗರೆಯಲ್ಲಿ ಆ ಮನೆ ಹುಡುಕಲು ಕಷ್ಟವಾಗಲಿಲ್ಲ. ತೋರಿಸಿದವನೇ, “ಕೆರೆಗ್ ಬಿದ್ದನಲ್ಲ, ಅವ್ನ ಮನೇನಾ?” ಎಂದ. ಮುದುಕಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ತಾವು ಯಾರೆಂದು ಮಾವ ಹೇಳಿದರು. ನಾನು ಪುಟ ಓದಿದೆ:

“ತನಗೆ ಈಜು ಬಾರದೆಂದು ಅವನು ಹೇಳಿದ. ಕ್ಯಾಪ್ಟನ್ ಆಗಿದ್ದ ನಾನು ನಕ್ಕು, ತಗೊಂಡ್ ಬಾ ಎಂದೆ. ಅವನು ನನ್ನ ಮಾತಿಗೆ ಇಳಿದ. ತಾನಾಗಿ ಇಳಿಯಲಿಲ್ಲ.”

“ಇನ್ನೊಂದ್ ಕಿತ ಓದು,” ಎಂದಳು. ಓದಿದೆ.

“ಅಂಗಾರೆ ನನ್ ಮಗ ಸಾಯಕ್ಕಂತ ಓಗ್ಲಿಲ್ವಾ?”

“ಇಲ್ಲಮ್ಮ,” ಎಂದರು ಮಾವ. “ಬೇಗ ನಡೀರಿ, ನಮ್ಮವ್ವ ಕಾಯ್ತಾ ಇರ್ತಾಳೆ, ಅಂತ ಬೆಳಗ್ಗೆಯಿಂದ ಹೇಳ್ತಾನೇ ಇದ್ದ.”

“ಹೋಳಿಗೆ ಮಾಡಿದ್ದೆ,” ಎಂದಳು ಮುದುಕಿ. ಕೈಯಲ್ಲಿದ್ದ ಹುಲ್ಲಿನ ಕಂತೆಯಿಂದ ಮಾವನ ಮುಖಕ್ಕೆ ರಪ್ಪೆಂದು ಹೊಡೆದಳು. ಮತ್ತೊಮ್ಮೆ ಹೊಡೆದಳು. ಮಾವ ಕೈ ಅಡ್ಡ ತರಲಿಲ್ಲ, ನಾನೂ ತಡೆಯಲಿಲ್ಲ.

ಆಮೇಲೆ ಬೀದಿಗೆ ಹೋಗಿ ನಿಂತು ಕೂಗಿದಳು. “ಬನ್ರೋ! ಎಲ್ರೂ ಬನ್ರೋ ಇಲ್ಲಿ!”

ಜನ ಬಂದರು. ಹಾಲಿನ ಕ್ಯಾನು ಹಿಡಿದವರು, ಕಂಕುಳಲ್ಲಿ ಮಗು ಇದ್ದವರು. ಮುದುಕಿ ನನ್ನ ಕೈಯಿಂದ ಕಾಗದ ಕಿತ್ತು ಮಾವನಿಗೆ ಕೊಟ್ಟು, ಜಗಲಿಯ ಮೇಲೆ ಕೂರಿಸಿದಳು. “ಅವ್ನಲ್ಲ, ನೀನ್ ಓದು.”

ಮಾವ ಓದತೊಡಗಿದರು. ‘ನಕ್ಕು’ ಎಂಬಲ್ಲಿಗೆ ಬಂದಾಗ ಕೆಮ್ಮು ಹತ್ತಿ ಓದು ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಮುದುಕಿ ಹಿಂದಿನಿಂದ ಬಂದು, ನೆತ್ತಿ ಹತ್ತಿದ ಮಗುವಿಗೆ ತಟ್ಟುವ ಹಾಗೆ ಮಾವನ ಬೆನ್ನು ತಟ್ಟಿದಳು.

“ನಿಲ್ಲಿಸ್‌ಬ್ಯಾಡ ಕಣಪ್ಪ,” ಎಂದಳು, “ಓದು. ಜೋರಾಗ್ ಓದು. ಕಡೇ ಮನೆಗೂ ಕೇಳ್‌ಬೇಕು.”