ಕಾಕಾ ತೂಗಿದ ಸಿ.ಡಿ.

ಸಿ.ಡಿ.ಯನ್ನು ಬರೆಯುವುದಕ್ಕೆ ಮುಂಚೆ ಒಮ್ಮೆ, ಬರೆದ ಮೇಲೆ ಒಮ್ಮೆ ತೂಗಿ ನೋಡಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನಮ್ಮ ಕಾಕಾ. ತಮಾಷೆ ಎಂದುಕೊಳ್ಳಬೇಡಿ, ತೂಗುವಾಗ ನಾನೇ ಪಕ್ಕದಲ್ಲಿದ್ದೆ!

ಕಾಕಾ ಅಮರಗೋಳದ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಶೇಂಗಾ, ಮೆಣಸಿನಕಾಯಿ ಚೀಲ ತೂಗಿದವರು. ನಿವೃತ್ತರಾಗಿ, ತೂಗಲು ಏನೂ ಸಿಗದೆ ಚಡಪಡಿಸುತ್ತಿದ್ದರು. ಅವರ ಮನೆಯಲ್ಲಿದ್ದುಕೊಂಡು ವಿದ್ಯಾನಗರದ ಕಾಲೇಜಿಗೆ ಹೋಗುತ್ತಿದ್ದ ನನಗೆ ಆಗಲೇ ಸಿ.ಡಿ. ರೈಟರ್ ಬೇಕಾಯಿತು. ಕೊನೆಯ ವರ್ಷದ ಪ್ರಾಜೆಕ್ಟನ್ನು ಸಿ.ಡಿ.ಯಲ್ಲೇ ಕೊಡಬೇಕಿತ್ತು. ಕೊಡದಿದ್ದರೆ ಇಡೀ ವರ್ಷ ಹೋದಂತೆ. ಅಂಗಡಿಯವರು ಮನೆಗೇ ಬಂದು ಕೂಡಿಸಿಕೊಡುತ್ತೇವೆ ಎಂದರು. ಕಾಕಾ ಒಪ್ಪುತ್ತಾರೆಯೇ?

"ಮಂದಿ ಕೂಡಿಸಿದ ಕಾಟಾದ ಮ್ಯಾಲೆ ನಾ ಎಂದೂ ತೂಗಿಲ್ಲ," ಎಂದರು. ಅವರ ಪಾಲಿಗೆ ಯಂತ್ರವೆಂದರೆ ತೂಕದ ಕಾಟಾ, ಅಷ್ಟೆ.

ಕಾಕಾ ತಾವೇ ಕ್ಯಾಬಿನೆಟ್ ಬಿಚ್ಚಿ, ರೈಟರನ್ನು ಒಳಗೆ ತಳ್ಳಿ, ಕೇಬಲ್ ಸಿಕ್ಕಿಸಿ, ನಾಲ್ಕು ಸ್ಕ್ರೂ ಬಿಗಿದದ್ದು ಅರ್ಧ ಗಂಟೆಯ ಕೆಲಸ. ಅದನ್ನು ಸಮ ಕೂರಿಸಲು ಒಂದು ದಿನ ಹಿಡಿಯಿತು. ಕ್ಯಾಬಿನೆಟ್ಟಿನ ಮೇಲೆ ನೀರು ತುಂಬಿದ ತಟ್ಟೆ ಇಟ್ಟು, ನೀರು ಯಾವ ಕಡೆ ವಾಲುತ್ತದೆ ಎಂದು ನೋಡಿ, ಆ ಕಡೆಯ ಕಾಲಿನ ಕೆಳಗೆ ಹಳೆಯ ಲಗ್ನಪತ್ರಿಕೆ ಮಡಚಿ ಇಟ್ಟರು. ಮೂರು ಲಗ್ನಪತ್ರಿಕೆಗೆ ಸಮ ಬಂತು. ನೀರು ಚೆಲ್ಲಲಿಲ್ಲ ಎಂಬುದು ನನ್ನ ಪುಣ್ಯ. ಆದರೆ ಕಂಪ್ಯೂಟರ್ ಮಾತ್ರ ರೈಟರಿನ ಗುರುತೇ ಹಿಡಿಯಲಿಲ್ಲ. ಕೇಬಲ್ ತಿರುವುಮುರುವಾಗಿತ್ತು. ಅದನ್ನು ಸರಿಪಡಿಸಿದ ಮೇಲೆ ಮತ್ತೆ ನೀರಿನ ತಟ್ಟೆ, ಮತ್ತೆ ಲಗ್ನಪತ್ರಿಕೆ.

ಎಷ್ಟು ವೇಗದಲ್ಲಿ ಬರೆಯಲಿ ಎಂದು ಸಾಫ್ಟ್‌ವೇರ್ ಕೇಳಿತು. ಕಾಕಾ ಇದ್ದುದರಲ್ಲೇ ನಿಧಾನವಾದದ್ದನ್ನು ಆರಿಸಿದರು. ಹಾಗಾಗಿ ಒಂದು ಸಿ.ಡಿ.ಗೆ ಇಪ್ಪತ್ತು ನಿಮಿಷ. ತೂಗುವಾಗ ಕಾಟಾದ ಹತ್ತಿರ ಯಾರೂ ಸುಳಿಯಬಾರದಲ್ಲವೇ? ಆ ಇಪ್ಪತ್ತು ನಿಮಿಷ ಮನೆಯಲ್ಲಿ ಫ್ಯಾನ್ ಇಲ್ಲ, ಕುಕ್ಕರ್ ಇಲ್ಲ, ನಡೆದಾಡುವಂತಿಲ್ಲ, ಮಾತಂತೂ ಇಲ್ಲವೇ ಇಲ್ಲ. ಮೊದಲ ಸಿ.ಡಿ. ಅರ್ಧಕ್ಕೇ ಕೆಟ್ಟಿತು. ಅದು ಬರೆಯುತ್ತಿರುವಾಗಲೇ ನಾನು ಇನ್ನೊಂದು ಪ್ರೋಗ್ರಾಂ ತೆರೆದದ್ದು ಕಾರಣ. ಕಾಕಾ ಆ ತಪ್ಪನ್ನು ಅಡುಗೆಮನೆಯಲ್ಲಿ ಶೇಂಗಾ ಕುಟ್ಟುತ್ತಿದ್ದ ಹೆಂಡತಿ, ನಮ್ಮ ಕಾಕುವಿನ ಮೇಲೆ ಹೊರಿಸಿದರು. ನಾನೂ ಸುಮ್ಮನಿದ್ದೆ.

ಎರಡನೆಯದಕ್ಕೆ, ಪರೀಕ್ಷೆಗೆಂದು ಮನೆಯ ಮುನ್ನೂರು ಫೋಟೋ ತುಂಬಿಸಿದೆವು. ತೂಕದ ಪ್ರಸಂಗ ನಡೆದದ್ದು ಆಗಲೇ. ದುರ್ಗದಬೈಲಿನಲ್ಲಿ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಖಾಲಿ ಸಿ.ಡಿ. ತೂಗಿಸಿದ್ದ ಕಾಕಾ, ಬರೆದ ಮೇಲೆ ಮತ್ತೆ ತೂಗಿಸಿದರು. ಗುಂಜಿಯಷ್ಟೂ ವ್ಯತ್ಯಾಸವಿಲ್ಲ. ಅಲ್ಲಿಂದ ನೇರವಾಗಿ ಕಂಪ್ಯೂಟರ್ ಅಂಗಡಿಗೆ ಹೋಗಿ, ಒಳಗೆ ಏನೂ ಬಿದ್ದಿಲ್ಲ ಎಂದು ದೂರು ಕೊಟ್ಟರು.

"ಕಾಕಾ, ಫೋಟೋಕ್ಕ ತೂಕ ಇರಂಗಿಲ್ರಿ," ಎಂದ ಅಂಗಡಿಯವ.

"ನಮ್ಮ ಮನ್ಯಾಗ ಆಲ್ಬಮ್ ಐತಿ. ಬಂದು ಎತ್ತಿ ನೋಡು," ಎಂದರು ಕಾಕಾ.

ಹೀಗೆ ಪರೀಕ್ಷೆಯ ಮೇಲೆ ಪರೀಕ್ಷೆ ನಡೆದು, ತಂದ ಐದು ಸಿ.ಡಿ.ಗಳಲ್ಲಿ ಒಂದೇ ಒಂದು ಉಳಿಯಿತು. ಸೋಮವಾರ ಬೆಳಿಗ್ಗೆ ಪ್ರಾಜೆಕ್ಟ್ ಕೊಡಬೇಕು. ಅಂದು ಭಾನುವಾರ ಮಧ್ಯಾಹ್ನ, ಅಂಗಡಿಗೆ ರಜೆ. ಇದು ಕೆಟ್ಟರೆ ಇನ್ನೊಂದಿಲ್ಲ. ಕಾಕಾ ಸ್ಟೂಲಿನ ಮೇಲೆ ಕೂತು ಪರದೆಯನ್ನು ದಿಟ್ಟಿಸುತ್ತಿದ್ದರು. ನಾನು ಗೋಡೆಗೆ ಒರಗಿ ಉಸಿರು ಬಿಗಿಹಿಡಿದಿದ್ದೆ. ಕಾಕು ಬಾಗಿಲ ಬಳಿ ನೆಲದ ಮೇಲೆ ಕೂತಿದ್ದರು. ಅವರಿಗೆ ಹಳೆಯ ಕೆಮ್ಮು.

ಪ್ರಾಜೆಕ್ಟ್ ಬರೆಯುವುದು ಅರ್ಧ ಮುಗಿದಿತ್ತು. ಕಾಕುವಿಗೆ ಕೆಮ್ಮು ಒತ್ತಿಕೊಂಡು ಬಂತು. ಅವರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಮುಖ ಕೆಂಪೇರಿತು, ಕಣ್ಣಲ್ಲಿ ನೀರು ಬಂತು, ಮೈಯೆಲ್ಲ ನಡುಗತೊಡಗಿತು. ಸದ್ದು ಮಾತ್ರ ಇಲ್ಲ. ನಾನು ಅದನ್ನು ನೋಡಿದೆ. ನೋಡಿಯೂ ಮತ್ತೆ ಪರದೆಯ ಕಡೆ ತಿರುಗಿದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಕಾಕಾ ತಿರುಗಿ ನೋಡಿದ್ದೇ ತಡ, ಎದ್ದ ರಭಸಕ್ಕೆ ಸ್ಟೂಲು ಉರುಳಿ ಮೇಜಿಗೆ ಬಡಿಯಿತು. ಕ್ಯಾಬಿನೆಟ್ ಅಲುಗಿ, ಲಗ್ನಪತ್ರಿಕೆಗಳು ಕೆಳಗೆ ಬಿದ್ದವು. ಅವರು ಹೆಂಡತಿಯ ಬೆನ್ನು ನೀವುತ್ತ, "ಕೆಮ್ಮು. ಡಿಸ್ಕ್ ಹ್ವಾದ್ರ ಹೋಗ್ಲಿ, ನೀ ಮೊದಲ ಕೆಮ್ಮು," ಎಂದರು.

ಕಾಕು ಕೆಮ್ಮಿದರು. ಎಷ್ಟು ಹೊತ್ತು ಕೆಮ್ಮಿದರೆಂದರೆ, ಆ ಸಿ.ಡಿ.ಗಳೆಲ್ಲ ಬರೆಯುವಾಗ ತಡೆದುಕೊಂಡದ್ದೂ ಅದರಲ್ಲಿ ಸೇರಿರಬೇಕು. ನೀರು ಕುಡಿದು, "ನಾ ಶೇಂಗಾ ಕುಟ್ಟಿ ಒಂದ ಕೆಡಿಸೀನಲ್ರಿ. ಹುಡುಗಿ ವರ್ಷ ಹೋಗಬಾರದಂತ ತಡಕೊಂಡೆ," ಎಂದರು. ಅದು ಕೆಟ್ಟದ್ದು ನನ್ನಿಂದ ಎಂದು ನಾನು ಆಗ ಒಪ್ಪಿಕೊಂಡೆ. ಇಬ್ಬರೂ ನನ್ನನ್ನು ಬೈಯಲಿಲ್ಲ.

ಅಷ್ಟರಲ್ಲಿ ರೈಟರಿನ ಬಾಯಿ ತಾನಾಗಿಯೇ ತೆರೆದುಕೊಂಡಿತು. ಸಿ.ಡಿ. ಏನೂ ಕೆಟ್ಟಿರಲಿಲ್ಲ! ಅಲುಗಾಡಿದರೂ ಏನೂ ಆಗುವುದಿಲ್ಲ ಎಂದು ಕಾಕಾನಿಗೂ ತಿಳಿದುಹೋಯಿತು. ಒಪ್ಪಿಕೊಂಡರೇ? ಇಲ್ಲ. ಕಟ್ಟುನಿಟ್ಟು ಹಾಗೆಯೇ ಮುಂದುವರಿಯಿತು. ಫ್ಯಾನ್ ಇಲ್ಲ, ಕುಕ್ಕರ್ ಇಲ್ಲ, ಮಾತಿಲ್ಲ. ಆದರೆ ಅಂದಿನಿಂದ, ಸಿ.ಡಿ. ತಿರುಗಲು ಶುರುವಾದ ಎರಡು ನಿಮಿಷಕ್ಕೆ, ಯಾವ ಕೆಮ್ಮೂ ಇಲ್ಲದ ಕಾಕಾ ತಾವೇ ಮೊದಲು ಜೋರಾಗಿ ಕೆಮ್ಮುತ್ತಿದ್ದರು. ಆಮೇಲೆ ಕಾಕು ನಿಶ್ಚಿಂತೆಯಿಂದ ಕೆಮ್ಮುತ್ತಿದ್ದರು.